ಹಿಂಗಾಲು ಸೋತಾಗ ಶೇಂಗಾ ಹೇಳಿಕೊಟ್ಟಿದ್ದು

ಇದು ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.

ಈ ಸಲ ಕೋಡ್ ಬಗ್ಗೆ ಅಲ್ಲ, ಇಂಟರ್‌ವ್ಯೂ ಬಗ್ಗೆನೂ ಅಲ್ಲ. ನಮ್ಮ ಮನೆ ನಾಯಿ ಬಗ್ಗೆ ಮಾತಾಡ್ತೀನಿ. ಊರು ಬಿಟ್ಟು ಬಂದು ಫ್ಲ್ಯಾಟ್‌ನಲ್ಲಿ ನಾಯಿ ಸಾಕಿರೋರು ನಮ್ಮಲ್ಲಿ ಬಹಳ ಜನ ಇದ್ದೀರಿ. ಇಲ್ಲಿ ಕೇಳೋಕೆ ಅಜ್ಜ ಇಲ್ಲ, ಪಕ್ಕದ ಮನೆ ದೊಡ್ಡಪ್ಪ ಇಲ್ಲ. ವಾಟ್ಸಾಪ್ ಗ್ರೂಪ್ ಹೇಳಿದ್ದೇ ವೇದ. ನಾನು ಎಡವಿದ್ದೂ ಅಲ್ಲೇ.

ನಾವು ಪುಣೆಯ ಕೋಥರೂಡದಲ್ಲಿ ಇರೋದು. ನಮ್ಮ ನಾಯಿ ಹೆಸರು ಶೇಂಗಾ. ಬೀದಿಯಿಂದ ಬಂದ ದೇಶಿ ಹೆಣ್ಣು ನಾಯಿ, ಬಣ್ಣ ಹುರಿದ ಶೇಂಗಾ ಥರ, ಅದಕ್ಕೇ ಆ ಹೆಸರು. ಆಗ ನಾಲ್ಕು ವರ್ಷ. ದಿನಾ ಬೆಳಿಗ್ಗೆ ಎಆರ್‌ಎಐ ಟೇಕಡಿ ಹತ್ತಿಸಿಕೊಂಡು ಬರ್ತಿದ್ದೆ. ನಿಜ ಹೇಳ್ಬೇಕಂದ್ರೆ ಅವಳೇ ನನ್ನನ್ನ ಎಳ್ಕೊಂಡು ಹತ್ತಿಸ್ತಿದ್ಲು.

2024ರ ಡಿಸೆಂಬರ್ ಕೊನೆಯಲ್ಲಿ ನಾಯಿ ಸಾಕೋರ ಒಂದು ಗ್ರೂಪಿನಲ್ಲಿ ಹಸಿ ಮಾಂಸದ ಊಟದ ಬಗ್ಗೆ ದೊಡ್ಡ ಚರ್ಚೆ ನಡೀತಿತ್ತು. ತೋಳ ಬೇಯಿಸಿ ತಿನ್ನತ್ತಾ ಅಂತ ಯಾರೋ ಕೇಳಿದ್ರು. ವಾದ ಸರಿ ಅನ್ನಿಸ್ತು. ಅಂಗಡಿಯಿಂದ ಕೋಳಿ ಕತ್ತು, ರೆಕ್ಕೆ ತಂದು ಹಸಿಯಾಗೇ ಹಾಕೋಕೆ ಶುರು ಮಾಡಿದೆ. ಶೇಂಗಾಗೆ ಸ್ವರ್ಗ. ಹತ್ತು ದಿನ ಆಗೋದ್ರೊಳಗೆ ಬೇಧಿ ಶುರುವಾಯ್ತು, ಲೋಳೆ ಲೋಳೆ, ಒಂದೆರಡು ಸಲ ರಕ್ತದ ಗೆರೆ. ಮೂರು ದಿನ ಮೊಸರನ್ನ ಹಾಕಿ, ಡಾಕ್ಟರ್ ಕೊಟ್ಟ ಆಂಟಿಬಯೋಟಿಕ್ ಕೊಟ್ವಿ. ನಿಂತೋಯ್ತು. ಸಂಕ್ರಾಂತಿ ದಿನ ಆರಾಮಾಗಿದ್ಲು. ನಾವೂ ಮರೆತ್ವಿ.

ಸಂಕ್ರಾಂತಿ ಆಗಿ ಮೂರನೇ ದಿನ, ಶುಕ್ರವಾರ ಬೆಳಿಗ್ಗೆ, ಸೋಫಾ ಮೇಲೆ ಹತ್ತೋಕೆ ಹೋಗಿ ಜಾರಿ ಬಿದ್ಲು. ನಗು ಬಂತು ನಮಗೆ. ಟೈಲ್ಸ್ ಜಾರಿರ್ಬೇಕು ಅಂದ್ಕೊಂಡೆ. ಸಂಜೆ ಲಿಫ್ಟಿನಿಂದ ಹೊರಗೆ ಬರೋವಾಗ ಹಿಂದಿನ ಎರಡೂ ಕಾಲು ಕುಡುಕನ ಕಾಲಿನ ಥರ ಅಡ್ಡಡ್ಡ ಹೋಗ್ತಿತ್ತು. ಶನಿವಾರ ಬೆಳಿಗ್ಗೆ ಎದ್ದು ನಿಲ್ಲೋಕೇ ಆಗ್ಲಿಲ್ಲ. ಕೂಗಲಿಲ್ಲ, ನರಳಲಿಲ್ಲ. ಮುಂಗಾಲಿನಲ್ಲಿ ಮೈ ಎಳ್ಕೊಂಡು ಬಟ್ಟಲಿನ ಹತ್ರ ಬಂದು ಊಟ ಮಾಡಿದ್ಲು. ಬಾಲ ಅಲ್ಲಾಡ್ತಾನೇ ಇತ್ತು. ಕಾಲು ಸತ್ತಿದೆ, ಬಾಲ ಬದುಕಿದೆ. ಇದೇನು ವಿಚಿತ್ರ ಅಂತ ಅರ್ಥವೇ ಆಗ್ಲಿಲ್ಲ.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಬೆನ್ನಿಗೆ ಪೆಟ್ಟಾಗಿದೆ ಅಂದ್ರು. ನೋವಿನ ಇಂಜೆಕ್ಷನ್, ಸ್ಟಿರಾಯ್ಡ್ ಕೊಟ್ರು. ಸೋಮವಾರದ ಹೊತ್ತಿಗೆ ಮುಂಗಾಲೂ ಸೋತ್ವು. ಬೊಗಳೋಕೆ ಹೋದ್ರೆ ದನಿಯೇ ಬರ್ತಿಲ್ಲ, ಗಾಳಿ ಬಿಟ್ಟ ಹಾಗೆ ಒಂದು ಶಬ್ದ. ಅಲ್ಲಿಗೇ ಮತ್ತೆ ಹೊತ್ಕೊಂಡು ಹೋದೆ. ಪರೀಕ್ಷೆ ಮಾಡಿ, ಮೆಲ್ಲಗೆ, 'ಇದನ್ನ ಯಾಕೆ ಹಿಂಸೆ ಪಡಿಸ್ತೀರಿ, ಮಲಗಿಸಿಬಿಡೋಣ' ಅಂದ್ರು. ಮಲಗಿಸೋದು ಅಂದ್ರೆ ಏನು ಅಂತ ನಿಮಗೆ ಗೊತ್ತು. ನಾಲ್ಕು ದಿನದ ಹಿಂದೆ ಟೇಕಡಿ ಹತ್ತಿದ ನಾಯಿ. ರಿಕ್ಷಾದಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದೆ, ಮಾತು ಬರ್ಲಿಲ್ಲ. 'ಇನ್ನೊಬ್ಬರಿಗೆ ತೋರ್ಸೋಣ, ಆಮೇಲೆ ನೋಡೋಣ' ಅಂದ್ಲು. ಆ ಒಂದು ಮಾತು ಶೇಂಗಾನ ಉಳಿಸ್ತು.

ಎರಡನೇ ಡಾಕ್ಟರ್ ವಯಸ್ಸಾದ ಹೆಣ್ಣುಮಗಳು. ನಾಯಿ ಮುಟ್ಟೋಕೆ ಮುಂಚೆ ಎರಡು ಪ್ರಶ್ನೆ ಕೇಳಿದ್ರು. ಒಂದು, ರೇಬಿಸ್ ಲಸಿಕೆ ಕಾರ್ಡ್ ಎಲ್ಲಿ? ಎರಡು, ಕಳೆದ ಹದಿನೈದು ದಿನದಲ್ಲಿ ಹೊಸದಾಗಿ ಏನಾಯ್ತು?

ಎರಡನೇ ಪ್ರಶ್ನೆ ಕೇಳಿ ನನಗೆ ನಾಚಿಕೆ ಆಯ್ತು. ಆಫೀಸಿನಲ್ಲಿ ಪ್ರೊಡಕ್ಷನ್ ಬಿದ್ರೆ ನಾವು ಮೊದಲು ಕೇಳೋದೇ ಇದು. ಏನು ಬದಲಾಯ್ತು? ಮನೆಯಲ್ಲಿ ಮಾತ್ರ ಆ ಪ್ರಶ್ನೆ ನನಗೆ ಹೊಳೆದೇ ಇರ್ಲಿಲ್ಲ. ಮೊದಲ ಡಾಕ್ಟರಿಗೆ ನಾನು ಬೇಧಿಯ ಸುದ್ದಿಯನ್ನೇ ಹೇಳಿರ್ಲಿಲ್ಲ. ಹೊಟ್ಟೆಗೂ ಕಾಲಿಗೂ ಏನು ಸಂಬಂಧ ಅಂತ. ಅರ್ಧ ಲಾಗ್ ಕೊಟ್ಟು ಬಗ್ ಹುಡುಕು ಅಂದ ಹಾಗಾಯ್ತು. ಅದಕ್ಕೇ ಅವರನ್ನ ನಾನು ದೂರೋಲ್ಲ.

ಅವರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದ್ರು. ಕಾಲು ಅಲ್ಲಾಡಲಿಲ್ಲ. ಬೆರಳು ಹಿಸುಕಿದ್ರು. ಕಾಲು ಎಳ್ಕೊಳ್ಳೋಕೆ ಆಗ್ಲಿಲ್ಲ, ಆದ್ರೆ ಶೇಂಗಾ ತಿರುಗಿ ನೋಡಿದ್ಲು. ಅಂದ್ರೆ ನೋವು ಗೊತ್ತಾಗ್ತಿದೆ, ಕಾಲಿಗೆ ಆಜ್ಞೆ ಮುಟ್ಟುತ್ತಿಲ್ಲ. ಬೆನ್ನುಮೂಳೆಯ ಡಿಸ್ಕ್ ಜಾರಿ ಹಿಂಗಾಲು ಹೋದ್ರೆ ಸಾಮಾನ್ಯವಾಗಿ ಮುಂಗಾಲು, ದನಿ ಸರಿಯಾಗೇ ಇರತ್ತೆ. ಇಲ್ಲಿ ಹಿಂದಿನಿಂದ ಮುಂದಕ್ಕೆ ಹತ್ಕೊಂಡು ಬಂದಿದೆ, ಬೊಗಳು ಕೆಟ್ಟಿದೆ, ಬಾಲ ಮತ್ತು ಮೂತ್ರದ ಹಿಡಿತ ಉಳಿದಿದೆ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಸರಿ ಇತ್ತು, ಉಣ್ಣೆಯಿಂದ ಬರೋ ಜ್ವರ ಇರ್ಲಿಲ್ಲ. ಡಿಸ್ಟೆಂಪರ್ ಲಸಿಕೆನೂ ಆಗಿತ್ತು. ಹೆಚ್ಚಾಗಿ ಇದು ಪಾಲಿರಾಡಿಕ್ಯುಲೋನ್ಯೂರೈಟಿಸ್ ಅಂದ್ರು. ಬೆನ್ನುಹುರಿಯಿಂದ ಹೊರಗೆ ಬರೋ ನರದ ಬೇರುಗಳಿಗೆ ಉರಿಯೂತ. ಆಮೇಲೆ, 'ಸಿಂಹಗಡ ರೋಡಿನ ಸುದ್ದಿ ಓದ್ತಿದ್ದೀರಲ್ಲ? ಇದು ನಾಯಿಗಳಲ್ಲಿ ಅದರ ತಂಗಿ' ಅಂದ್ರು.

ನೆನಪಿದೆಯಾ ನಿಮಗೆ? 2025ರ ಜನವರಿ. ಸಿಂಹಗಡ ರಸ್ತೆ, ಕಿರ್ಕಟವಾಡಿ, ನಾಂದೇಡ ಗಾಂವ್, ಧಾಯರಿ ಕಡೆ ಜನರಿಗೆ ಬೇಧಿ ಆಗಿ, ಆಮೇಲೆ ಕೈಕಾಲು ಸೋಲೋಕೆ ಶುರುವಾಯ್ತು. ಗಿಲ್ಲನ್ ಬಾರೆ ಸಿಂಡ್ರೋಮ್, ಜಿಬಿಎಸ್. ಶಂಕಿತ ಪ್ರಕರಣಗಳು ಕೆಲವೇ ವಾರಗಳಲ್ಲಿ ಇನ್ನೂರು ದಾಟಿದ್ವು, ಸಾವುಗಳೂ ಆದ್ವು. ರೋಗಿಗಳ ಮಾದರಿಯಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಜೆಜುನಿ ಅನ್ನೋ ಬ್ಯಾಕ್ಟೀರಿಯಾ, ನೋರೋವೈರಸ್ ಸಿಕ್ಕಿದ್ವು. ನೀರು ಕುದಿಸಿ ಕುಡೀರಿ, ಕೋಳಿ ಮಾಂಸ ಚೆನ್ನಾಗಿ ಬೇಯಿಸಿ ಅಂತ ಎಲ್ಲ ಕಡೆ ಹೇಳ್ತಿದ್ರು. ನಮಗೂ ಅವರಿಗೂ ನಡುವೆ ಮುಠಾ ನದಿ ಅಷ್ಟೇ.

ಈ ಬ್ಯಾಕ್ಟೀರಿಯಾ ಕೋಳಿಯ ಕರುಳಲ್ಲಿ ಆರಾಮಾಗಿ ಇರತ್ತೆ, ಕೋಳಿಗೆ ತೊಂದರೆ ಕೊಡೋದು ಕಡಿಮೆ. ಹಸಿ ಮಾಂಸದ ಮೇಲೆ ಅಂಟ್ಕೊಂಡು ಬರತ್ತೆ. ಅದರ ಹೊರಕವಚದ ಕೆಲವು ಸಕ್ಕರೆ ಅಣುಗಳು ನಮ್ಮ ನರದ ಮೇಲಿರೋ ಗ್ಯಾಂಗ್ಲಿಯೋಸೈಡ್ ಅನ್ನೋ ಅಣುಗಳ ಹಾಗೇ ಕಾಣ್ತಾವೆ. ದೇಹ ಬ್ಯಾಕ್ಟೀರಿಯಾ ವಿರುದ್ಧ ಆಂಟಿಬಾಡಿ ತಯಾರಿಸತ್ತೆ. ಬೇಧಿ ನಿಲ್ಲತ್ತೆ. ಆದ್ರೆ ಆ ಆಂಟಿಬಾಡಿ ಗುರುತು ತಪ್ಪಿ ನರದ ಮೇಲೇ ಬೀಳತ್ತೆ. ಫೈರ್‌ವಾಲ್ ರೂಲ್ ತಪ್ಪಾಗಿ ಬರೆದು ನಮ್ಮದೇ ಸರ್ವರ್ ಬ್ಲಾಕ್ ಮಾಡ್ಕೊಂಡ ಹಾಗೆ. ಅದಕ್ಕೇ ಹೊಟ್ಟೆ ಸರಿಯಾಗಿ ಒಂದೆರಡು ವಾರ ಆದ್ಮೇಲೆ ಕಾಲು ಸೋಲೋದು. ನಾವು ಮರೆತಿರ್ತೀವಿ, ದೇಹ ಮರೆತಿರೋಲ್ಲ.

ಗಿಲ್ಲನ್, ಬಾರೆ ಮತ್ತು ಸ್ಟ್ರೋಲ್ ಅನ್ನೋ ಫ್ರೆಂಚ್ ವೈದ್ಯರು ಮನುಷ್ಯರ ರೋಗವನ್ನ 1916ರಲ್ಲಿ ವರ್ಣಿಸಿದ್ರು. ಅಮೆರಿಕದಲ್ಲಿ ರಕೂನ್ ಕಚ್ಚಿದ ಬೇಟೆ ನಾಯಿಗಳಿಗೆ ಇದೇ ಥರ ಆಗ್ತಿದ್ದದ್ದರಿಂದ ಅಲ್ಲಿ ಕೂನ್‌ಹೌಂಡ್ ಪಾರ್ಶ್ವವಾಯು ಅಂತಾರೆ. ರಕೂನೇ ಇಲ್ಲದ ದೇಶಗಳಲ್ಲೂ ರೋಗ ಇದೆ. 2018ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಈ ರೋಗದ 27 ನಾಯಿಗಳನ್ನ 47 ಆರೋಗ್ಯವಂತ ನಾಯಿಗಳ ಜೊತೆ ಹೋಲಿಸಿ ನೋಡಿದ್ರು. ಹಸಿ ಕೋಳಿ ತಿನ್ನೋದಕ್ಕೂ ರೋಗಕ್ಕೂ ಗಟ್ಟಿ ನಂಟು ಕಾಣಿಸ್ತು.

ಶೇಂಗಾಗೆ ಆಗಿದ್ದು ಅದರಿಂದಲೇ ಅಂತ ಸಾಬೀತು ಮಾಡೋಕೆ ನನ್ನ ಹತ್ರ ಏನೂ ಇಲ್ಲ. ಆಂಟಿಬಯೋಟಿಕ್ ಕೊಟ್ಟಾಗಿತ್ತು, ಮಲದ ಪರೀಕ್ಷೆ ಮಾಡಿಸಿರ್ಲಿಲ್ಲ. ಎರಡು ಘಟನೆ ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ ಅಂತ ನಾನೇ ಜೂನಿಯರ್‌ಗಳಿಗೆ ಹೇಳ್ತೀನಿ. ಆದ್ರೂ ಆ ಕೋಳಿ ಕತ್ತು ಹಾಕಿದ್ದು ನನ್ನ ಕೈ. ರಾತ್ರಿ ನಿದ್ದೆ ಬರ್ತಿರ್ಲಿಲ್ಲ.

ರೇಬಿಸ್ ಪ್ರಶ್ನೆ ಯಾಕೆ ಅಂತ ಆಮೇಲೆ ಗೊತ್ತಾಯ್ತು. ರೇಬಿಸ್‌ನಲ್ಲಿ ಹುಚ್ಚು ಹಿಡಿಯೋದು ಮಾತ್ರ ಅಲ್ಲ, ಸುಮ್ಮನೆ ಪಾರ್ಶ್ವವಾಯು ಬರೋ ರೂಪವೂ ಇದೆ. ಅದರಲ್ಲೂ ದನಿ ಬದಲಾಗತ್ತೆ. ಲಸಿಕೆ ವರ್ಷಾ ವರ್ಷ ಆಗಿದ್ದರಿಂದ ಸಾಧ್ಯತೆ ತೀರಾ ಕಡಿಮೆ, ಆದ್ರೂ ಹತ್ತು ದಿನ ಜೊಲ್ಲು ಮುಟ್ಟಬೇಡಿ, ಗ್ಲೌಸ್ ಹಾಕಿ, ಮಗುವನ್ನ ದೂರ ಇಡಿ ಅಂದ್ರು. ನಮ್ಮ ಮಗಳಿಗೆ ನಾಲ್ಕು ವರ್ಷ. ಬಾಗಿಲ ಆಚೆ ನಿಂತು ಶೇಂಗಾಗೆ ಹಾಡು ಹೇಳ್ತಿದ್ಲು. ಆ ಹತ್ತು ದಿನ ಒಂದೊಂದು ಬೆಳಿಗ್ಗೆನೂ ಬಾಗಿಲು ತೆಗೆಯೋಕೆ ಹೆದರಿಕೆ ಆಗ್ತಿತ್ತು.

ಈ ರೋಗಕ್ಕೆ ಮದ್ದು ಅಂತ ಹೆಚ್ಚೇನಿಲ್ಲ. ಮನುಷ್ಯರಿಗೆ ಐವಿಐಜಿ, ಪ್ಲಾಸ್ಮಾ ಬದಲಾಯಿಸೋದು ಇದೆ. ನಾಯಿಗೆ ಆರೈಕೆಯೇ ಮುಖ್ಯ. ಸ್ಟಿರಾಯ್ಡ್‌ನಿಂದ ಇದರಲ್ಲಿ ಉಪಯೋಗ ಇಲ್ಲ ಅಂತ ಡಾಕ್ಟರ್ ನಿಲ್ಲಿಸಿದ್ರು. ದಪ್ಪ ಹಾಸಿಗೆ, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಾವಣೆ, ಇಲ್ಲಾಂದ್ರೆ ಹುಣ್ಣಾಗತ್ತೆ. ಎದೆ ಮೇಲೆ ಕೂರಿಸಿ ಊಟ, ಮಲಗಿದಲ್ಲೇ ತಿನ್ನಿಸಿದ್ರೆ ಶ್ವಾಸಕೋಶಕ್ಕೆ ಹೋಗ್ಬಹುದು. ಹೊಟ್ಟೆ ಕೆಳಗೆ ಟವೆಲ್ ಹಾಕಿ ಎತ್ತಿ ಹೊರಗೆ ಕರ್ಕೊಂಡು ಹೋಗೋದು. ದಿನಕ್ಕೆ ಮೂರು ಸಲ ಕಾಲು ಮಡಚಿ ಬಿಡಿಸೋದು. ನಾನು ಮ್ಯಾನೇಜರ್‌ಗೆ ನಿಜ ಹೇಳಿ ವರ್ಕ್ ಫ್ರಮ್ ಹೋಮ್ ತಗೊಂಡೆ. ಸ್ಟ್ಯಾಂಡಪ್‌ನಲ್ಲಿ ಕ್ಯಾಮೆರಾ ಆಫ್, ಕೈಯಲ್ಲಿ ಶೇಂಗಾಳ ಕಾಲು. ಕೆಲಸದ ಮಾವಶಿ ಮಾತ್ರ ನನ್ನ ನೋಡಿ, 'ಬಾಳಂತಿ ಆರೈಕೆ ನಡೆದಿದೆ' ಅಂತ ನಗ್ತಿದ್ರು.

ಗದಗದಿಂದ ಅವ್ವ ದಿನಾ ಫೋನ್. 'ಅಲ್ಲೋ ತಮ್ಮಾ, ನಾವು ಹೊಲದಾಗಿನ ನಾಯಿಗೆ ರೊಟ್ಟಿ-ಮಜ್ಜಿಗಿ ಹಾಕಿ ಸಾಕೀವಿ. ನೀವು ಕಲತವರು ಹಸೀ ಮಾಂಸ ಯಾಕ ಹಾಕ್ತೀರಿ?' ನನ್ನ ಎಂಟೆಕ್‌ನಲ್ಲಿ ಇದಕ್ಕೆ ಉತ್ತರ ಇರ್ಲಿಲ್ಲ.

ಹತ್ತು ದಿನ ದಾಟಿತು. ಮೂರನೇ ವಾರ ಮುಂಗಾಲು ಒತ್ತೋಕೆ ಶುರು ಮಾಡಿದ್ಲು. ಐದನೇ ವಾರ ಎದ್ದು ನಿಂತು, ಎರಡು ಹೆಜ್ಜೆ ಇಟ್ಟು, ಬಿದ್ಲು. ಈ ಸಲ ಯಾರೂ ನಗಲಿಲ್ಲ, ಮಗಳು ಚಪ್ಪಾಳೆ ಹೊಡೆದ್ಲು. ಯುಗಾದಿ ಹೊತ್ತಿಗೆ ಕೊರಿಯರ್ ಹುಡುಗನ್ನ ನೋಡಿ ಬೊಗಳಿದ್ಲು, ಪೂರ್ತಿ ದನಿಯಲ್ಲಿ. ಸೊಸೈಟಿಯವರ ಕಂಪ್ಲೇಂಟ್ ಬಂತು. ಅಷ್ಟು ಖುಷಿ ಕೊಟ್ಟ ಕಂಪ್ಲೇಂಟ್ ಇನ್ನೊಂದಿಲ್ಲ.

ನಿಮಗೆ ಹೇಳೋದು ಇಷ್ಟು. ನಾಯಿಯ ಹಿಂಗಾಲು ಇದ್ದಕ್ಕಿದ್ದ ಹಾಗೆ ಸೋತ್ರೆ ನಾಳೆ ನೋಡೋಣ ಅನ್ನಬೇಡಿ. ನಡಿಗೆಯ ವಿಡಿಯೋ ಮಾಡ್ಕೊಳ್ಳಿ. ಹಿಂದಿನ ಒಂದು ತಿಂಗಳ ಊಟ, ಬೇಧಿ, ವಾಂತಿ, ಕೊಟ್ಟ ಮಾತ್ರೆ, ಉಣ್ಣೆ, ಕಚ್ಚಾಟ ಎಲ್ಲ ತಾರೀಖಿನ ಸಮೇತ ಬರ್ಕೊಂಡು ಹೋಗಿ. ಬೇಧಿಗೆ ಕೊಡೋ ಮೆಟ್ರೊನಿಡಜೋಲ್ ಕೂಡ ಜಾಸ್ತಿ ಆದ್ರೆ ನಡಿಗೆ ತಪ್ಪಿಸತ್ತೆ, ಆದ್ದರಿಂದ ಡೋಸ್ ಹೇಳಿ. ನಮ್ಮ ಡಬ್ಬಿಯ ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾವತ್ತೂ ಕೊಡಬೇಡಿ. ಉಸಿರಾಟ ಕಷ್ಟ ಆದ್ರೆ, ಮೂತ್ರ ಕಟ್ಟಿದ್ರೆ, ಬೆರಳು ಹಿಸುಕಿದ್ರೂ ಗೊತ್ತಾಗದಿದ್ರೆ ಆ ಗಂಟೆಯೇ ಓಡಿ. ಜಿಬಿಎಸ್ ನಾಯಿಯಿಂದ ಅಂಟೋ ರೋಗ ಅಲ್ಲ, ಆದ್ರೆ ಬೇಧಿ ಮಾಡ್ತಿರೋ ನಾಯಿಯಿಂದ ಕ್ಯಾಂಪೈಲೋಬ್ಯಾಕ್ಟರ್ ನಮಗೆ ಬರಬಹುದು, ಕೈ ಸೋಪು ಹಾಕಿ ತೊಳೀರಿ. ಮತ್ತೆ, ಯಾರಾದ್ರೂ ಮಲಗಿಸಿಬಿಡೋಣ ಅಂದ್ರೆ, ಇನ್ನೊಬ್ಬ ಡಾಕ್ಟರಿಗೆ ತೋರಿಸೋವರೆಗೂ ಸಹಿ ಹಾಕಬೇಡಿ.

ಶೇಂಗಾ ಈಗ ಟೇಕಡಿ ಹತ್ತುತ್ತಾಳೆ, ಮೊದಲಿನಷ್ಟು ವೇಗ ಇಲ್ಲ. ಅರ್ಧಕ್ಕೆ ನಿಂತು ಹಿಂದೆ ತಿರುಗಿ ನೋಡ್ತಾಳೆ, ನಾನು ಬರ್ತಿದ್ದೀನಾ ಅಂತ. ಊಟಕ್ಕೆ ಕುಕ್ಕರಿನಲ್ಲಿ ಬೇಯಿಸಿದ ಕೋಳಿ, ಮೂಳೆ ತೆಗೆದದ್ದು, ಜೊತೆಗೆ ಅನ್ನ. ಭಾನುವಾರ ಮಾತ್ರ ಅವ್ವನ ಮಾತಿಗೆ ಮರ್ಯಾದೆ ಕೊಟ್ಟು ಒಂದು ಜೋಳದ ರೊಟ್ಟಿ.