ಚಟ್ನಿಪುಡಿಯ ಹದ



ಈ ಸಂಜೆಯ ಭಾಷಣಕ್ಕೆ ನಾನು ಆರಿಸಿಕೊಂಡ ವಿಷಯವನ್ನು ಕೇಳಿ ನನ್ನ ಮಿತ್ರರೊಬ್ಬರು ನಕ್ಕರು. "ಕಾಲೇಜಿನಲ್ಲಿ ಷೇಕ್ಸ್‌ಪಿಯರನ ಪಾಠ ಹೇಳುವವರು ಚಟ್ನಿಪುಡಿಯ ವಿಚಾರವಾಗಿ ಮಾತನಾಡುವುದೆ?" ಎಂದರು. ಷೇಕ್ಸ್‌ಪಿಯರನಿಲ್ಲದೆ ಅವರು ವರ್ಷಗಟ್ಟಲೆ ಸುಖವಾಗಿ ಬಾಳಿರುವುದನ್ನು ನಾನು ಬಲ್ಲೆ. ಚಟ್ನಿಪುಡಿಯಿಲ್ಲದೆ ಒಂದು ವಾರ ಕಳೆದುದನ್ನು ಮಾತ್ರ ನಾನು ಕಂಡಿಲ್ಲ. ಆದುದರಿಂದ ವಿಷಯ ಅಲ್ಪವಾದುದೆಂಬ ಸಂಕೋಚವನ್ನು ಬಿಟ್ಟು ಮುಂದುವರಿಯುತ್ತೇನೆ.

ಚಟ್ನಿಪುಡಿಯೆಂದೊಡನೆ ಮೈಸೂರಿನ ಕಡೆಯವರ ಮನಸ್ಸಿಗೆ ಬರುವುದು ಕಡಲೆಬೇಳೆ, ಉದ್ದಿನಬೇಳೆ, ಕೊಬ್ಬರಿ, ಇಂಗು, ಕರಿಬೇವುಗಳ ಪುಡಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಅದೇ ಹೆಸರು ಬೇರೆ ವಸ್ತುವನ್ನು ಸೂಚಿಸುತ್ತದೆ. ಅಲ್ಲಿ ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಪುಡಿ. ನಾವು ಕಡಲೇಕಾಯಿ ಬೀಜವೆನ್ನುವುದು ಅವರ ಶೇಂಗಾ. ನಮ್ಮ ಹುಚ್ಚೆಳ್ಳು ಅವರ ಗುರೆಳ್ಳು. ನಮ್ಮ ಹುರಿಗಡಲೆ ಅವರ ಪುಟಾಣಿ. ಮೆಣಸಿನಕಾಯಿ, ಉಪ್ಪು, ಹುಣಿಸೆ, ಬೆಲ್ಲ ಈ ನಾಲ್ಕು ಎಲ್ಲದಕ್ಕೂ ಸಾಮಾನ್ಯ. ಖಾರವು ಮುಂದೆ ನಡೆದು, ಸಿಹಿಯು ಅದರ ಬೆನ್ನ ಹಿಂದೆಯೇ ಬಂದು ಸಮಾಧಾನ ಹೇಳುವುದು ಈ ಪುಡಿಗಳ ಲಕ್ಷಣ.

ನನಗೆ ಇದರ ಪರಿಚಯವಾದುದು ವಿವಾಹದ ಮೂಲಕ. ನನ್ನ ಹೆಂಡತಿಯ ತವರು ಶಿವಯೋಗ ಮಂದಿರಕ್ಕೆ ಸಮೀಪದ ಒಂದು ಹಳ್ಳಿ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ ಆ ಸಂಸ್ಥೆಯ ಹೆಸರನ್ನು, ಅಲ್ಲಿ ಸಿದ್ಧವಾಗುವ ವಿಭೂತಿಯ ಖ್ಯಾತಿಯನ್ನು, ತಮ್ಮಲ್ಲಿ ಅನೇಕರು ಕೇಳಿರಬಹುದು. ಬಾದಾಮಿಯ ಕೆಂಪು ಕಲ್ಲುಗುಡ್ಡಗಳನ್ನು ದಾಟಿ ಬಂದರೆ ಹೊಳೆಯ ಆಚೀಚೆ ಎರೆಯ ಹೊಲಗಳು. ಮಳೆ ಕಡಿಮೆ, ಜೋಳವೇ ಮುಖ್ಯ ಅನ್ನ. ತೆಂಗಿನ ತೋಟದ ನಾಡಲ್ಲವಾದುದರಿಂದ ಕೊಬ್ಬರಿಯ ಸ್ಥಾನವನ್ನು ಅಲ್ಲಿ ಎಣ್ಣೆಬೀಜಗಳು ವಹಿಸಿಕೊಂಡಿವೆ. ಒಣಗಿದ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅದರ ಜೊತೆಗೆ ಹೋಗತಕ್ಕ ವ್ಯಂಜನವೂ ಕೆಡದಂತಹದಾಗಿರಬೇಕಷ್ಟೆ. ಹೊಲಕ್ಕೆ ಹೋಗುವವನ ಬುತ್ತಿಗೂ ಬಂಡಿ ಕಟ್ಟಿ ಜಾತ್ರೆಗೆ ಹೊರಟವರ ಗಂಟಿಗೂ ಈ ಪುಡಿಯೇ ಸಂಗಾತಿಯಾದುದು ಹೀಗೆ.

ಬಾದಾಮಿಯ ಬಳಿಯ ಬನಶಂಕರಿಗೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಗುಡಿಯ ಮುಂದಿನ ಹೊಂಡದ ಸುತ್ತಮುತ್ತ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಗಡಿಗೆಯ ಮೊಸರು, ಚಟ್ನಿಗಳನ್ನು ಹೊತ್ತು ತಂದು ಯಾತ್ರಿಕರಿಗೆ ಉಣಬಡಿಸುತ್ತಾರೆ. ಪುಷ್ಯಮಾಸದ ಬನದ ಹುಣ್ಣಿಮೆಯ ಜಾತ್ರೆಯಲ್ಲಂತೂ ಆ ಬುಟ್ಟಿಗಳಿಗೆ ಬಿಡುವೇ ಇಲ್ಲ.

ಇಷ್ಟು ಬೇರೂರಿದ ತಿನಿಸು ಚಾಲುಕ್ಯರ ಕಾಲದಿಂದಲೂ ಇದ್ದಿರಬೇಕೆಂದು ಯಾರಾದರೂ ಊಹಿಸಿದರೆ ಅದು ಸಹಜ, ಆದರೆ ತಪ್ಪು. ಬಾದಾಮಿಯಿಂದ ರಾಜ್ಯವಾಳಿದ ಪುಲಕೇಶಿಯು ಮೆಣಸಿನಕಾಯಿಯನ್ನು ಕಂಡವನಲ್ಲ, ಶೇಂಗಾವನ್ನೂ ಕಂಡವನಲ್ಲ. ಎರಡೂ ಅಮೆರಿಕಾ ಖಂಡದ ಬೆಳೆಗಳು. ಪೋರ್ತುಗೀಸರು ಸಮುದ್ರಮಾರ್ಗದಿಂದ ಬಂದ ಮೇಲೆ ನಮ್ಮ ನೆಲಕ್ಕೆ ಇಳಿದವು. ಅದಕ್ಕೆ ಹಿಂದೆ ನಮ್ಮವರ ಖಾರವೆಲ್ಲ ಕರಿಮೆಣಸಿನದು. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಸೇರಿಸಿ ನಾವು ಮೆಣಸಿನಕಾಯಿ ಎಂದೆವು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದಾಗ ಅವನ ಅಡಿಗೆಮನೆಗೆ ಈ ಕೆಂಪು ಅತಿಥಿ ಇನ್ನೂ ಬಂದಿರಲಿಲ್ಲ. ಗುರೆಳ್ಳು ಮೂಲತಃ ಇಥಿಯೋಪಿಯದ್ದಾದರೂ ಬಹು ಪ್ರಾಚೀನ ಕಾಲದಲ್ಲಿಯೇ ನಮ್ಮಲ್ಲಿಗೆ ಬಂದುದು. ಹೀಗೆ ಪರದೇಶದ ವಸ್ತುಗಳನ್ನು ಒಂದೇ ಒರಳಿನಲ್ಲಿ ಕುಟ್ಟಿ, ಪೂರ್ತಿಯಾಗಿ ತಮ್ಮದನ್ನಾಗಿ ಮಾಡಿಕೊಂಡವರು ಹೆಸರಿಲ್ಲದ ಗೃಹಿಣಿಯರು. ಈ ವಿದ್ಯೆಯ ಗ್ರಂಥವೆಲ್ಲ ಅವರ ಕೈಯಲ್ಲಿದೆ. ಕೈ ನಿಂತರೆ ಗ್ರಂಥವೂ ಮುಚ್ಚುತ್ತದೆ. ಇದನ್ನು ನಾನು ತಿಳಿದದ್ದು ಸ್ವಲ್ಪ ತಡವಾಗಿ.

ಪ್ರತಿವರ್ಷವೂ ಬನದ ಹುಣ್ಣಿಮೆ ಕಳೆದ ಮೇಲೆ ನಮ್ಮ ಅತ್ತೆಯವರಿಂದ ಒಂದು ಡಬ್ಬಿ ಶೇಂಗಾ ಪುಡಿ ನಮ್ಮ ಮನೆಗೆ ಬರುತ್ತಿತ್ತು. ಒಂದು ವರ್ಷ ಬರಲಿಲ್ಲ. ಕಣ್ಣು ಮಂದವಾಗಿದೆ, ಹಾರೆ ಎತ್ತಿದರೆ ರಟ್ಟೆ ನೋಯುತ್ತದೆ ಎಂದು ತಿಳಿಯಿತು. ಅದಕ್ಕೇನು, ನಾವೇ ಮಾಡಿಕೊಳ್ಳೋಣವೆಂದು ನಾನೂ ನನ್ನ ಹೆಂಡತಿಯೂ ಹೊರಟೆವು. ಮೊದಲನೆಯ ಸಲ ಉರಿ ಹೆಚ್ಚಾಗಿ ಬೀಜದ ಹೊರಮೈ ಕರಿದಾಯಿತು, ಒಳಗೆ ಹಸಿಯಾಗಿಯೇ ಉಳಿಯಿತು. ಎರಡನೆಯ ಸಲ ಬಿಸಿ ಆರುವ ಮೊದಲೇ ಮಿಕ್ಸಿಗೆ ಹಾಕಿದುದರಿಂದ ಎಣ್ಣೆ ಬಿಟ್ಟು ಮುದ್ದೆಯಾಯಿತು. ಮೂರನೆಯದು ಮಳೆಗಾಲದ ಪ್ರಯತ್ನ. ಮೆತ್ತನೆಯ ಹೊಸ ಬೆಲ್ಲ ಹಾಕಿದೆವು. ರುಚಿ ಸರಿಯಾಗಿಯೇ ಇದೆಯೆಂದು ಹಿಗ್ಗಿದೆವು. ಎಂಟು ದಿನಗಳಲ್ಲಿ ಭರಣಿಯೊಳಗೆ ಬೂಷ್ಟು ಹಿಡಿದಿತ್ತು. ತವರಿನಲ್ಲಿ ಇಪ್ಪತ್ತು ವರ್ಷ ಬೆಳೆದ ನನ್ನ ಹೆಂಡತಿ ಆಗ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: "ಅವ್ವ ಮಾಡುವಾಗ ನಾನು ಪಕ್ಕದಲ್ಲೇ ಕೂತು ಓದುತ್ತಿದ್ದೆ. ಒಂದು ದಿನವೂ ತಲೆಯೆತ್ತಿ ನೋಡಲಿಲ್ಲ."

ಮುಂದಿನ ರಜೆಯಲ್ಲಿ ಒಂದು ಸಣ್ಣ ತಕ್ಕಡಿಯನ್ನೂ ನೋಟುಪುಸ್ತಕವನ್ನೂ ತೆಗೆದುಕೊಂಡು ಆ ಹಳ್ಳಿಗೆ ಹೋದೆವು. ಅತ್ತೆಯವರು ಹಿಡಿಯಲ್ಲಿ ತೆಗೆದ ಪದಾರ್ಥ ಒರಳಿಗೆ ಬೀಳುವ ಮೊದಲು ತಕ್ಕಡಿಗೆ ಬೀಳಬೇಕೆಂಬುದು ನನ್ನ ಏರ್ಪಾಡು. ನಾನು ಮೊದಲು ಕೇಳಿದ ಪ್ರಶ್ನೆ, "ಅತ್ತೆ, ಬೆಲ್ಲ ಎಷ್ಟು?" ಎಂದು. ಅವರು ನಕ್ಕು, "ಮೆಣಸಿನಕಾಯಿ ಹೆಂಗೈತಿ ಅಂತ ಮೊದಲ ಕೇಳ್ರಿ ಅಳಿಯಾರ, ಬೆಲ್ಲದ ಮಾತು ಆಮ್ಯಾಲ" ಎಂದರು. ಹಾಗೆಂದು ಒಂದು ಕಾಯಿಯನ್ನು ಮುರಿದು ಚೂರನ್ನು ನಾಲಿಗೆಗೆ ಮುಟ್ಟಿಸಿಕೊಂಡರು. ಮೂರು ದಿನ ಮೂರು ಸಲ ಪುಡಿ ಮಾಡಿಸಿದೆ. ಒಂದೇ ತೂಕದ ಶೇಂಗಾಕ್ಕೆ ಬೆಲ್ಲ ಒಮ್ಮೆ 28 ಗ್ರಾಂ, ಒಮ್ಮೆ 30, ಇನ್ನೊಮ್ಮೆ 38 ಬಂತು. ಕಡೆಯ ಸಲ ತಂದ ಕಾಯಿ ಹೆಚ್ಚು ಖಾರದ್ದಾಗಿತ್ತು. ನನ್ನ ಅಂಕಿಗಳು ಒಂದಕ್ಕೊಂದು ಹೊಂದಲಿಲ್ಲ. ಪುಡಿಯ ರುಚಿ ಮಾತ್ರ ಮೂರು ಸಲವೂ ಒಂದೇ ಆಗಿತ್ತು. "ತಕ್ಕಡಿ ತೂಗತೈತಿ, ರುಚಿ ನೋಡೂದಿಲ್ಲ" ಎಂದು ಅವರು ನನ್ನ ಪುಸ್ತಕದ ಕಡೆ ನೋಡಿ ಹೇಳಿದರು.

ಆದರೂ ಆರಂಭಿಸುವವರಿಗೆ ಅಂಕಿಯ ಊರುಗೋಲು ಬೇಕಾದುದರಿಂದ ಹೇಳುತ್ತೇನೆ. ಶೇಂಗಾ ಬೀಜ 250 ಗ್ರಾಂ. ಬ್ಯಾಡಗಿ ಮೆಣಸಿನಕಾಯಿ 20ರಿಂದ 25 ಗ್ರಾಂ. ಬೆಲ್ಲ 30 ಗ್ರಾಂ. ಉಪ್ಪು 12 ಗ್ರಾಂ. ಬೀಜ, ನಾರು ತೆಗೆದ ಹುಣಿಸೆ 8 ಗ್ರಾಂ. ಜೀರಿಗೆ ಒಂದು ಚಮಚ. ಬೆಳ್ಳುಳ್ಳಿ ಎಂಟು ಹತ್ತು ಎಸಳು. ಕರಿಬೇವು ಒಂದು ಹಿಡಿ. ಬ್ಯಾಡಗಿಯ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಸುಕ್ಕು ಸುಕ್ಕಾದ ಮೈ, ಗಾಢವಾದ ಬಣ್ಣ, ಮಿತವಾದ ಖಾರ ಅದರ ಗುಣಗಳು. ಗುಂಟೂರಿನ ಕಾಯಿಯನ್ನು ಹಾಕುವುದಾದರೆ ಪ್ರಮಾಣವನ್ನು ಅರ್ಧಕ್ಕಿಳಿಸುವುದು ಕ್ಷೇಮ. ಬೆಲ್ಲ ಗಟ್ಟಿಯಾಗಿಯೂ ಒಣಗಿಯೂ ಇರಬೇಕು. ಮಹಾಲಿಂಗಪುರ, ಮುಧೋಳಗಳ ಕಡೆಯ ಬೆಲ್ಲ ಆ ಸೀಮೆಯಲ್ಲಿ ಹೆಸರಾದುದು.

ಮೊದಲು ಶೇಂಗಾವನ್ನು ಆರಿಸಬೇಕು. ಸುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜಗಳನ್ನು ಕರುಣೆಯಿಲ್ಲದೆ ಬಿಸಾಡಬೇಕು. ಅವು ಕಹಿಯಾಗಿರುವುದಷ್ಟೇ ಅಲ್ಲ. ಆ ಬೂಷ್ಟಿನಲ್ಲಿ ಹುಟ್ಟಬಹುದಾದ ವಿಷವು ಹುರಿದರೂ ಪೂರ್ತಿ ಹೋಗುವುದಿಲ್ಲ. ಬಳಿಕ ದಪ್ಪತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈಬಿಡದೆ ಹುರಿಯುವುದು. ಸಿಪ್ಪೆ ಸಿಡಿದು, ಬೀಜವನ್ನು ಒಡೆದರೆ ಒಳಗೂ ಹೊಂಬಣ್ಣ ಕಂಡಾಗ ಇಳಿಸಿ ಹರಡಬೇಕು. ಪೂರಾ ಆರಿದ ಮೇಲೆ ಕೈಯಿಂದ ಉಜ್ಜಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿಹೋಗುತ್ತದೆ. ಮೆಣಸಿನಕಾಯಿಯನ್ನು ತೊಟ್ಟು ಬಿಡಿಸಿ ಕೆಲವು ತೊಟ್ಟು ಎಣ್ಣೆಯಲ್ಲಿ ಗರಿಗರಿಯಾಗುವವರೆಗೆ ಮಾತ್ರ ಬಾಡಿಸುವುದು. ಕರಿದಾದರೆ ಬಣ್ಣವೂ ಕೆಟ್ಟು ರುಚಿಯೂ ಕಹಿಯಾಗುತ್ತದೆ. ಜೀರಿಗೆ, ಕರಿಬೇವು, ಹುಣಿಸೆಗಳನ್ನು ಬೇರೆ ಬೇರೆಯಾಗಿ ಬೆಚ್ಚಗೆ ಮಾಡಿ ತೇವ ಹೋಗಲಾಡಿಸಬೇಕು. ಬಹುದಿನ ಇಡುವ ಪುಡಿಗೆ ಬೆಳ್ಳುಳ್ಳಿಯನ್ನೂ ಹುರಿದೇ ಹಾಕುವುದು ಮೇಲು.

ಕುಟ್ಟುವುದರಲ್ಲಿ ಕ್ರಮವೇ ಪ್ರಧಾನ. ಮೊದಲು ಮೆಣಸಿನಕಾಯಿ ಮತ್ತು ಉಪ್ಪು. ಹರಳುಪ್ಪಾದರೆ ಅದು ಕಾಯಿಯನ್ನು ಅರೆಯಲು ನೆರವಾಗುತ್ತದೆ. ಆಮೇಲೆ ಜೀರಿಗೆ, ಕರಿಬೇವು, ಹುಣಿಸೆ, ಬೆಳ್ಳುಳ್ಳಿ. ಅವು ಬೆರೆತ ಮೇಲೆ ತುರಿದ ಬೆಲ್ಲ. ಎಲ್ಲಕ್ಕೂ ಕಡೆಗೆ ಶೇಂಗಾ. ಶೇಂಗಾ ಬಿದ್ದ ಮೇಲೆ ಕೈ ಹಗುರವಾಗಬೇಕು. ಪುಡಿ ತರಿತರಿಯಾಗಿದ್ದಾಗಲೇ ನಿಲ್ಲಿಸಬೇಕು. ಮಿಕ್ಸಿಯನ್ನು ಉಪಯೋಗಿಸುವವರು ಒಂದೇ ಸಮನೆ ತಿರುಗಿಸದೆ ಬಿಟ್ಟು ಬಿಟ್ಟು ತಿರುಗಿಸಲಿ. ಬೀಜದ ಅರ್ಧದಷ್ಟು ತೂಕ ಎಣ್ಣೆಯೇ ಇರುವುದರಿಂದ ಕಾವು ಏರಿದೊಡನೆ ಅದು ಹೊರಗೆ ಬಂದು ಪುಡಿಯು ಮುದ್ದೆಯಾಗುತ್ತದೆ.

ಬೆಲ್ಲಕ್ಕೂ ಖಾರಕ್ಕೂ ಇರುವ ಸಂಬಂಧವನ್ನು ವಿಜ್ಞಾನವೂ ಸಮರ್ಥಿಸುತ್ತದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತುವು ನೀರಿನಲ್ಲಿ ಹೆಚ್ಚು ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಖಾರ ಹತ್ತಿದಾಗ ನೀರು ಕುಡಿದರೆ ಉರಿ ಶಮನವಾಗದಿರುವುದು ಇದರಿಂದಲೇ. ಶೇಂಗಾದ ಎಣ್ಣೆ ಅದನ್ನು ಹಂಚಿಕೊಳ್ಳುತ್ತದೆ, ಬೆಲ್ಲದ ಸಿಹಿ ಉರಿಯ ಅನುಭವವನ್ನು ತಗ್ಗಿಸುತ್ತದೆ, ಪಕ್ಕದಲ್ಲಿರುವ ಮೊಸರು ಉಳಿದುದನ್ನು ಸಮಾಧಾನ ಮಾಡುತ್ತದೆ. ಬನಶಂಕರಿಯ ಬುಟ್ಟಿಯಲ್ಲಿ ಪುಡಿಯೂ ಮೊಸರೂ ಜೊತೆಯಾಗಿರುವುದು ಆಕಸ್ಮಿಕವಲ್ಲ. ಆದರೆ ಬೆಲ್ಲಕ್ಕೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಸ್ವಭಾವವುಂಟು. ಒದ್ದೆ ಚಮಚವೊಂದು ಸಾಕು, ವಾರದ ಶ್ರಮ ಹಾಳಾಗಲು. ಪುಡಿಯನ್ನು ಚೆನ್ನಾಗಿ ಆರಿಸಿ, ಒಣಗಿದ ಭರಣಿಯಲ್ಲಿ ತುಂಬಿ, ಬೆಳಕಿನಿಂದ ದೂರ ಇಟ್ಟರೆ ಮೂರು ನಾಲ್ಕು ವಾರ ಸ್ವಾದ ಕೆಡದು. ಅಗಸಿಯ ಎಣ್ಣೆ ಗಾಳಿಗೆ ಬೇಗ ಕೆಟ್ಟು ಕಮಟು ವಾಸನೆ ಬರುವುದರಿಂದ ಅದರ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿಯೇ ಮಾಡಿಕೊಳ್ಳುವುದು ಜಾಣತನ.

ಇದರ ಉಪಯೋಗ ರೊಟ್ಟಿಯ ಅಂಚಿಗೆ ಮುಗಿಯುವುದಿಲ್ಲ. ಎಳೆಯ ಬದನೆಕಾಯಿಯನ್ನು ತೊಟ್ಟಿನ ಕಡೆ ಬಿಡದೆ ನಾಲ್ಕಾಗಿ ಸೀಳಿ, ಶೇಂಗಾ ಗುರೆಳ್ಳುಗಳ ಪುಡಿಯನ್ನು ಒಳಮೈಗೆಲ್ಲ ಸವರಿ ತುಂಬಿ, ಧಾರಾಳವಾದ ಎಣ್ಣೆಯಲ್ಲಿ ಮುಚ್ಚಿ ಬೇಯಿಸಿದರೆ ಎಣ್ಣೆಗಾಯಿ ಸಿದ್ಧ. ಮಂಡಕ್ಕಿಗೆ ಕಲಸಬಹುದು, ಬಿಸಿ ಅನ್ನಕ್ಕೆ ತುಪ್ಪದೊಡನೆ ಹಾಕಿಕೊಳ್ಳಬಹುದು.

ಅಂಗಡಿಯಲ್ಲಿ ಪೊಟ್ಟಣ ದೊರೆಯುವಾಗ ಇಷ್ಟು ಶ್ರಮವೇಕೆಂದು ತಾವು ಕೇಳಬಹುದು. ಪೊಟ್ಟಣವನ್ನು ನಾನು ನಿಂದಿಸುವುದಿಲ್ಲ; ಅವಸರದಲ್ಲಿ ನಾವೂ ಕೊಂಡಿದ್ದೇವೆ. ಆದರೆ ಪೊಟ್ಟಣಕ್ಕೆ ಈ ವರ್ಷದ ಮೆಣಸಿನಕಾಯಿ ಹೇಗಿದೆಯೆಂದು ವಿಚಾರಿಸಿ ನಮ್ಮ ಮನೆಯ ಮಗುವಿನ ನಾಲಿಗೆಗೆ ತಕ್ಕಂತೆ ಬೆಲ್ಲವನ್ನು ಹೆಚ್ಚಿಸಲು ಬಾರದು. ಅದು ಹತ್ತಿರ ಕುಳಿತು ಕಲಿತವರಿಗೆ ಮಾತ್ರ ಸಾಧ್ಯವಾದುದು. ಕಲಿಸಬಲ್ಲವರು ಮನೆಯಲ್ಲಿರುವಾಗಲೇ ಓದುವ ಪುಸ್ತಕವನ್ನು ಅರೆಗಳಿಗೆ ಮಡಿಚಿಟ್ಟು ತಲೆಯೆತ್ತಿ ನೋಡುವುದು ಒಳ್ಳೆಯದು. ಪುಸ್ತಕ ಕಾದಿರುತ್ತದೆ.

ಆ ಮೂರು ದಿನಗಳ ಅನಂತರ ಅತ್ತೆಯವರು ಮತ್ತೆ ಹಾರೆ ಹಿಡಿಯಲಿಲ್ಲ. ಈಗ ಡಬ್ಬಿ ನಮ್ಮ ಮನೆಯಿಂದ ಅವರಲ್ಲಿಗೆ ಹೋಗುತ್ತದೆ. ಮೊದಲನೆಯ ಡಬ್ಬಿಗೆ ಬಂದ ಉತ್ತರ, "ಉಪ್ಪು ಒಂದೀಟು ಮುಂದ ಐತಿ" ಎಂಬುದು. ಎರಡನೆಯದಕ್ಕೆ ಏನೂ ಹೇಳಲಿಲ್ಲ. ಡಬ್ಬಿ ಮಾತ್ರ ಬೇಗ ಖಾಲಿಯಾಗಿ ಹಿಂದಿರುಗಿತು. ಈ ವರ್ಷ ಪರಊರಿನಲ್ಲಿ ಓದುತ್ತಿರುವ ನಮ್ಮ ಮಗಳಿಗೂ ಒಂದು ಡಬ್ಬಿ ಕಳುಹಿಸಿದೆವು. ಅದರೊಳಗೆ ನನ್ನ ತೂಕದ ಪಟ್ಟಿಯನ್ನೂ ಇಟ್ಟಿದ್ದೆ. ನನ್ನ ಅಂಕಿಗಳ ಮೇಲೆ, ಪಟ್ಟಿಯ ತಲೆಯಲ್ಲಿ, ನನ್ನ ಹೆಂಡತಿ ಒಂದು ಸಾಲು ಸೇರಿಸಿದ್ದಳು: "ಮೊದಲು ಮೆಣಸಿನಕಾಯಿಯ ರುಚಿ ನೋಡು."