ಒಂದು ಮನೆ, ಎರಡು ಸಂಸಾರ



ಇವತ್ತು ನಾವು ಒಂದು ಮನೆಯ ಕಥೆ ಮಾತಾಡೋಣ. ಈ ಮನೆ ದೂರದ ಅಮೆರಿಕ ದೇಶದಲ್ಲಿದೆ. ಊರಿನ ಹೆಸರು ಆಮರ್ಸ್ಟ್.

ಸುಮಾರು 1813ರಲ್ಲಿ ಸ್ಯಾಮ್ಯುಯೆಲ್ ಡಿಕಿನ್ಸನ್ ಎಂಬ ವಕೀಲರು ಇದನ್ನು ಕಟ್ಟಿಸಿದರು. ಆ ಕಡೆ ಮರದ ಮನೆಗಳೇ ಹೆಚ್ಚು. ಇದು ಇಟ್ಟಿಗೆಯ ಮನೆ. ಊರಿಗೇ ಮೊದಲನೆಯದು ಅಂತಾರೆ. ಎರಡು ಅಂತಸ್ತು. ಬಾಗಿಲು ಸರಿಯಾಗಿ ನಡುವೆ. ಒಳಗೆ ಹೋದರೆ ನಡುವೆ ಹಜಾರ, ಎಡಕ್ಕೂ ಬಲಕ್ಕೂ ಕೋಣೆಗಳು. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಇಂಥ ಮನೆ ಪಾಲು ಮಾಡುವುದು ಸುಲಭ ನೋಡಿ!

ಹಾಗೇ ಆಯಿತು. ಆ ವಕೀಲರು ಊರಿಗೆ ಕಾಲೇಜು ಬರಲೆಂದು ಕೈಯಿಂದ ಹಣ ಸುರಿದರು. ಸಾಲ ಏರಿತು. 1830ರಲ್ಲಿ ಮಗ ಎಡ್ವರ್ಡನ ಸಂಸಾರ ಮನೆಯ ಪಡುವಣ ಅರ್ಧಕ್ಕೆ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಎಮಿಲಿ ಎಂಬ ಹೆಣ್ಣುಮಗು ಹುಟ್ಟಿತು. 1833ರಲ್ಲಿ ಮನೆ ಒಬ್ಬ ವ್ಯಾಪಾರಿಯ ಪಾಲಾಯಿತು. ಅರ್ಧದಲ್ಲಿ ಅವರು, ಇನ್ನರ್ಧದಲ್ಲಿ ಇವರು. ಅಜ್ಜ ಕಟ್ಟಿಸಿದ ಮನೆಯಲ್ಲಿ ಮೊಮ್ಮಕ್ಕಳು ಬಾಡಿಗೆಗೆ! ಅಂಗಳ ಯಾರು ಗುಡಿಸಬೇಕು, ಮಕ್ಕಳ ಗಲಾಟೆ ಯಾರು ಸಹಿಸಬೇಕು? ಪಾಲಾದ ಮನೆಯಲ್ಲಿ ಬಾಳಿದವರಿಗೆ ಇದೆಲ್ಲ ಗೊತ್ತು. ಕ್ರಯಪತ್ರದಲ್ಲಿ ಇಂಥವು ಇರೋದಿಲ್ಲ.

1840ರಲ್ಲಿ ಅವರು ಬೇರೆ ಮನೆಗೆ ಹೋದರು. 1855ರಲ್ಲಿ ಎಡ್ವರ್ಡ್ ಇಡೀ ಮನೆಯನ್ನು ಮತ್ತೆ ಕೊಂಡರು. ಎರಡು ಮನೆ ಮತ್ತೆ ಒಂದಾಯಿತು. ಹಿಂದುಗಡೆ ಇಟ್ಟಿಗೆಯಲ್ಲೇ ಹೊಸ ಅಡಿಗೆಮನೆ ಎದ್ದಿತು. ಮಾಡಿನ ಮೇಲೆ ಸುತ್ತ ಕಿಟಕಿಯಿರುವ ಪುಟ್ಟ ಗೋಪುರ ಬಂತು. ಹೂಗಿಡಗಳಿಗೆ ಒಂದು ಗಾಜಿನ ಕೋಣೆಯೂ ಆಯಿತು. ಚಳಿ ದೇಶ ಅಲ್ವಾ, ಹೊರಗೆ ಹಿಮ ಬಿದ್ದಾಗಲೂ ಒಳಗೆ ಹೂವು.

ಎಮಿಲಿ ಮದುವೆಯಾಗಲಿಲ್ಲ. ಮನೆಗೆ ರೊಟ್ಟಿ ಸುಡುವವಳು ಅವಳೇ. 1856ರಲ್ಲಿ ಊರಿನ ದನದ ಜಾತ್ರೆಯಲ್ಲಿ ಅವಳ ರೊಟ್ಟಿಗೆ ಬಹುಮಾನವೂ ಬಂತು. ಕೆಲಸದ ನಡುವೆ ಹಳೇ ಲಕೋಟೆಯ ಹಿಂದೆಯೂ ಅವಳು ಪದ್ಯ ಗೀಚುತ್ತಿದ್ದಳು. ಮಹಡಿಯ ಮೂಲೆಯಲ್ಲಿ ಅವಳ ಕೋಣೆ. ಎರಡು ಗೋಡೆಗೂ ಕಿಟಕಿ. ಬರೆಯುವ ಮೇಜು ಒಂದೂವರೆ ಅಡಿ ಅಗಲ, ಅಷ್ಟೇ ಉದ್ದ. ನಮ್ಮ ರೊಟ್ಟಿ ಹಲಗೆಗಿಂತ ಎಷ್ಟು ದೊಡ್ಡದು, ಹೇಳಿ?

ಅವಳು ಬದುಕಿದ್ದಾಗ ಅಚ್ಚಾದದ್ದು ಸುಮಾರು ಹತ್ತು ಪದ್ಯ. ಅವಕ್ಕೂ ಅವಳ ಹೆಸರಿರಲಿಲ್ಲ. 1886ರಲ್ಲಿ ಅವಳು ತೀರಿಕೊಂಡಳು. ಆಮೇಲೆ ತಂಗಿ ಲವಿನಿಯಾ ಕೋಣೆ ತೆರೆದು ನೋಡಿದಳು. ಸೂಜಿದಾರದಿಂದ ಕೈಯಲ್ಲೇ ಹೊಲಿದ ಪುಟ್ಟ ಪುಸ್ತಕಗಳು ಸಿಕ್ಕವು, ಸುಮಾರು 40. ಬಿಡಿ ಹಾಳೆ ಬೇರೆ. ಎಲ್ಲ ಸೇರಿ 1800ರಷ್ಟು ಪದ್ಯ! ತಂಗಿ ಸುಮ್ಮನೆ ಕೂರಲಿಲ್ಲ. ಅವರಿವರ ಬೆನ್ನು ಹತ್ತಿ 1890ರಲ್ಲಿ ಮೊದಲ ಪುಸ್ತಕ ಅಚ್ಚು ಹಾಕಿಸಿದಳು.

ಈಗ ಆ ಮನೆಯನ್ನು ಜನ ನೋಡಲು ಬರುತ್ತಾರೆ. ಅಸಲು ಮೇಜು ಬೇರೆ ಕಡೆ ಇದೆ. ಅದರ ಹಾಗೇ ಮಾಡಿದ ಇನ್ನೊಂದನ್ನು ಆ ಮೂಲೆ ಕೋಣೆಯಲ್ಲಿ ಇಟ್ಟಿದ್ದಾರೆ.