ಹಲ್ಲಿನ ದವಾಖಾನೆಯ ನೌಕರರ ಅರಿಕೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯವರ, ಬಂದರದವರ, ಹೋಟೆಲಿನವರ ಕಷ್ಟಸುಖಗಳನ್ನು ಕುರಿತು ಮುಂಬಯಿಯ ಕನ್ನಡ ಸಭೆಗಳಲ್ಲಿ ಎಷ್ಟೋ ಭಾಷಣಗಳಾಗಿವೆ. ಹಲ್ಲಿನ ದವಾಖಾನೆಯ ನೌಕರರ ಮಾತು ಬಂದುದು ಅಪರೂಪ. ನಾವು ಡಾಕ್ಟರರಲ್ಲ. ಡಾಕ್ಟರರು ಹಲ್ಲು ಕೊರೆಯುವಾಗ ಪಕ್ಕದಲ್ಲಿ ನಿಂತು ಉಗುಳು ಹೀರುವ ಕೊಳವೆ ಹಿಡಿಯುವವರು, ಸಲಕರಣೆ ತೊಳೆದು ಶುದ್ಧಿ ಮಾಡುವವರು, ನೆಲ ಒರೆಸುವವರು. 2020ರ ಕೊರೋನಾ ಪಿಡುಗಿನಲ್ಲಿ ನಮ್ಮ ಮನಸ್ಸು ಪಟ್ಟ ಪಾಡನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಕೊರೆಯುವ ಯಂತ್ರ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುತ್ತದೆ. ಹಲ್ಲು ಬಿಸಿಯಾಗದಿರಲೆಂದು ಅದರಿಂದಲೇ ನೀರು ಚಿಮ್ಮುತ್ತಿರುತ್ತದೆ. ಆ ನೀರು ಉಗುಳಿನೊಡನೆ ಬೆರೆತು, ಸಣ್ಣ ತುಂತುರಾಗಿ ಕೋಣೆಯಲ್ಲೆಲ್ಲ ಹರಡುತ್ತದೆ. ಊರೆಲ್ಲ ಬಾಯಿ ಮುಚ್ಚಿಕೊಂಡು ದೂರ ನಿಲ್ಲಬೇಕೆಂದು ಸಾರುತ್ತಿದ್ದ ದಿನಗಳವು. ನಮ್ಮಲ್ಲಿ ರೋಗಿ ಬಾಯಿ ತೆರೆಯದೆ, ನಾವು ಗೇಣು ದೂರಕ್ಕೆ ಬಗ್ಗದೆ ಕೆಲಸವೇ ಇಲ್ಲ.

ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಬಿತ್ತು. ಮೇ 19ರ ಕೇಂದ್ರ ಆರೋಗ್ಯ ಇಲಾಖೆಯ ಸೂಚನೆಯಂತೆ ಕೆಂಪು ವಲಯದಲ್ಲಿ ತುರ್ತು ಚಿಕಿತ್ಸೆ ಮಾತ್ರ; ಮುಂಬಯಿ ಕೆಂಪು ವಲಯವೇ ಆಗಿತ್ತು. ರೋಗಿಗಳಿಲ್ಲದೆ ಪಗಾರವೆಲ್ಲಿ? ಕೆಲವು ಡಾಕ್ಟರರು ಪೂರ್ತಿ ಕೊಟ್ಟರು, ಕೆಲವರು ಅರ್ಧ, ಕೆಲವರು ಫೋನು ಎತ್ತಲಿಲ್ಲ. ಅವರಿಗೂ ಜಾಗದ ಬಾಡಿಗೆಯ ಹೊರೆ ಇತ್ತೆಂಬುದನ್ನು ನಾವು ಮರೆತಿಲ್ಲ. ಊರಿಗೆ ಹೋಗೋಣವೆಂದರೆ, ಅದೇ ತಿಂಗಳು ಕರ್ನಾಟಕವೂ ಮಹಾರಾಷ್ಟ್ರದಿಂದ ಬರುವವರನ್ನು ಕೆಲದಿನ ತಡೆಯಿತು.

ಕೆಲಸ ಮತ್ತೆ ಸುರುವಾದ ಮೇಲೆ ಭಯ ಹೆಚ್ಚಿತೇ ಹೊರತು ಇಳಿಯಲಿಲ್ಲ. ಮೈತುಂಬ ಪ್ಲಾಸ್ಟಿಕ್ಕಿನ ಅಂಗಿ. ಬೆವರು ಸುರಿದರೂ ನೀರು ಕುಡಿಯುವಂತಿಲ್ಲ. ಸಂಜೆ ಮರಳುವುದು ಒಂದೇ ಖೋಲಿಯ ಮನೆಗೆ. ಐದಾರು ಜನ ಮಲಗುವಲ್ಲಿ ಬೇರೆಯಾಗಿರುವುದು ಹೇಗೆ? ನಮ್ಮಲ್ಲೊಬ್ಬ ತಂಗಿ ಎರಡು ತಿಂಗಳು ಚಾಳಿನ ಗ್ಯಾಲರಿಯಲ್ಲಿ ಮಲಗಿದಳು. ಮಗು ಓಡಿಬಂದರೆ ಗದರಿಸಿ ಅಟ್ಟುತ್ತಿದ್ದಳು; ಅದನ್ನು ಹೇಳುವಾಗ ಇಂದಿಗೂ ಅವಳ ಗಂಟಲು ಕಟ್ಟುತ್ತದೆ. ಇನ್ನೊಬ್ಬರು ಕೈ ತೊಳೆದು ತೊಳೆದು ಚರ್ಮ ಒಡೆದುಕೊಂಡರು. ನಿದ್ದೆ ಹೋಯಿತು, ಊಟ ಸೇರಲಿಲ್ಲ. ಇದಕ್ಕೂ ಚಿಕಿತ್ಸೆಯುಂಟೆಂದು ನಮಗೆ ಯಾರೂ ಹೇಳಲಿಲ್ಲ. 'ಟೆನ್ಶನ್' ಎಂದುಕೊಂಡು ಸುಮ್ಮನಾದೆವು.

ಎಲ್ಲಕ್ಕಿಂತ ಹೆಚ್ಚು ಕುಗ್ಗಿಸಿದುದು ಬೇರೊಂದು. ಜೂನ್ 15ರಿಂದ ಲೋಕಲ್ ಗಾಡಿಗಳು ಅವಶ್ಯಕ ಸೇವೆಯವರಿಗೆ ಮಾತ್ರ ಓಡತೊಡಗಿದವು. ನಿಲ್ದಾಣದ ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರು. ಆಗ ಜಾರಿಯಲ್ಲಿದ್ದ 1948ರ ದಂತವೈದ್ಯರ ಕಾಯಿದೆಯಲ್ಲಿ ಡಾಕ್ಟರರಿಗೆ, ಹಲ್ಲು ಶುಚಿಮಾಡುವ ಹೈಜೀನಿಸ್ಟರಿಗೆ, ಹಲ್ಲಿನ ಸೆಟ್ಟು ಮಾಡುವ ಮೆಕ್ಯಾನಿಕರಿಗೆ ನೋಂದಣಿಯುಂಟು. ಕೊಳವೆ ಹಿಡಿಯುವವರ ಹೆಸರಿಲ್ಲ. ಎಷ್ಟೋ ಮಂದಿಗೆ ನೇಮಕದ ಕಾಗದವೂ ಇಲ್ಲ. 'ನೀವು ಯಾರು?' ಎಂದರೆ ತೋರಿಸಲು ಏನೂ ಇಲ್ಲದೆ, ಬಸ್ಸಿನ ಸಾಲಿನಲ್ಲಿ ನಿಂತು ಕಲ್ಯಾಣದಿಂದ ದಾದರಿಗೆ ಬಂದವರು ನಮ್ಮಲ್ಲಿದ್ದಾರೆ.

ನಮ್ಮ ಬೇಡಿಕೆ ದೊಡ್ಡದಲ್ಲ: ಪ್ರತಿಯೊಬ್ಬರಿಗೂ ನೇಮಕದ ಕಾಗದ, ಗುರುತಿನ ಚೀಟಿ, ಕಾಯಿಲೆಯ ರಜೆಗೆ ಪಗಾರ. ಮನಸ್ಸಿನ ಕಷ್ಟ ಹೇಳಿಕೊಳ್ಳಲು 2022ರ ಅಕ್ಟೋಬರಿನಿಂದ 'ಟೆಲಿ ಮಾನಸ್' ಎಂಬ ಸರಕಾರಿ ದೂರವಾಣಿ ಸೇವೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲಿರುಳೆನ್ನದೆ ಫೋನು ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಗ್ಯಾಲರಿಯಲ್ಲಿ ಮಲಗಿದ್ದ ಆ ತಂಗಿಗೆ ಈ ಸಂಖ್ಯೆ ಗೊತ್ತಾದುದು ಕಳೆದ ತಿಂಗಳು, ನಮ್ಮ ಬಾಯಿಂದ.